ಔಷಧಿ ಹೊಡೆದಿದ್ದರೆ ಕೊಳೆ ಬರ್ತಿರಲಿಲ್ಲ: ನಡೆಯದೇ ಇದ್ದದ್ದರ ಬಗ್ಗೆ ನಿಜ ಹೇಳುವುದು ಹೇಗೆ?

ಆಗಸ್ಟ್ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಾವ ಅಡಿಕೆ ತೋಟದ ಮನೆಗೆ ಹೋದರೂ ಕೊಳೆಯ, ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗದ, ಈ ಮಾತು ಕಿವಿಗೆ ಬೀಳುತ್ತದೆ. "ಮಳೆ ಹಿಡಿಯೋ ಮೊದಲೇ ಒಂದ್ಸಲ ಔಷಧಿ ಹೊಡೆದಿದ್ದರೆ ಕೊಳೆ ಬರ್ತಿರಲಿಲ್ಲ." ಪಕ್ಕದಲ್ಲಿ ಕೂತವರು ಒಪ್ಪುವುದಿಲ್ಲ. "ಈ ವರ್ಷದ ಮಳೆಗೆ ಹೊಡೆದಿದ್ದರೂ ಬರ್ತಿತ್ತು ಬಿಡಿ ಮಾರಾಯ್ರೆ." ಇಬ್ಬರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ.

ಆದರೆ ಔಷಧಿ ಹೊಡೆದೇ ಇಲ್ಲವಲ್ಲ. ಈ ವರ್ಷದ ಮಳೆಯಲ್ಲಿ, ಔಷಧಿ ಹೊಡೆದ ಈ ತೋಟವನ್ನು ಯಾರೂ ನೋಡಿಲ್ಲ. ಇನ್ನು ನೋಡುವ ಹಾಗೂ ಇಲ್ಲ, ಆ ಜೂನ್ ತಿಂಗಳು ಕಳೆದೇ ಹೋಯಿತು. ಹಾಗಿದ್ದರೆ ಇವರಿಬ್ಬರು ಜಗಳ ಆಡುತ್ತಿರುವುದು ಯಾವುದರ ಬಗ್ಗೆ? ಒಬ್ಬರ ಮಾತು ನಿಜ, ಇನ್ನೊಬ್ಬರದು ಸುಳ್ಳು ಅಂತ ಹೇಳುವುದಕ್ಕೆ ಏನಾದರೂ ಆಧಾರ ಇದೆಯಾ, ಇಲ್ಲ ಸುಮ್ನೆ ಬಾಯಿಗೆ ಬಂದದ್ದಾ?

ತರ್ಕಶಾಸ್ತ್ರದವರು ಇಂಥ ವಾಕ್ಯಗಳನ್ನು ಕೌಂಟರ್‌ಫ್ಯಾಕ್ಚುವಲ್ ಅನ್ನುತ್ತಾರೆ. ನಡೆಯದೇ ಇದ್ದದ್ದನ್ನು ನಡೆದಿತ್ತು ಅಂತ ಇಟ್ಟುಕೊಂಡು, ಆಗ ಏನಾಗುತ್ತಿತ್ತು ಅಂತ ಹೇಳುವ ವಾಕ್ಯ. ನೋಡಲಿಕ್ಕೆ ಸಾಧು, ಒಳಗೆ ಹೊಕ್ಕರೆ ತಲೆ ಕೆಡುತ್ತದೆ. ನನ್ನ ಪ್ರಕಾರ ಇಡೀ ವಿಷಯ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಒಂದನ್ನು ಬದಲಾಯಿಸುವಾಗ ಉಳಿದದ್ದರಲ್ಲಿ ಯಾವುದನ್ನು ಹಾಗೇ ಬಿಡಬೇಕು?

ಮೊದಲು ಶಾಲೆಯ ತರ್ಕ ಇಲ್ಲಿ ಎಲ್ಲಿ ಕೈಕೊಡುತ್ತದೆ ಅಂತ ನೋಡೋಣ. "ಅ ಆದರೆ ಬ" ಅನ್ನುವ ವಾಕ್ಯ ಯಾವಾಗ ಸುಳ್ಳು? ಮೊದಲ ಪಾಠದ ಉತ್ತರ ಹೀಗೆ: ಅ ನಿಜವಾಗಿ, ಬ ಸುಳ್ಳಾದಾಗ ಮಾತ್ರ. ಬೇರೆಲ್ಲಾ ಸಂದರ್ಭದಲ್ಲೂ ಅದು ನಿಜ. ಗಣಿತಕ್ಕೆ, ಕಂಪ್ಯೂಟರಿಗೆ ಈ ವ್ಯಾಖ್ಯೆ ಚೆನ್ನಾಗಿ ಒಗ್ಗುತ್ತದೆ. ಈಗ ಇದನ್ನು ತೋಟಕ್ಕೆ ಹಚ್ಚಿ. ಔಷಧಿ ಹೊಡೆದಿಲ್ಲ, ಅಂದರೆ "ಅ" ಸುಳ್ಳು. ಆದ್ದರಿಂದ "ಔಷಧಿ ಹೊಡೆದಿದ್ದರೆ ಕೊಳೆ ಬರ್ತಿರಲಿಲ್ಲ" ನಿಜ. "ಔಷಧಿ ಹೊಡೆದಿದ್ದರೂ ಕೊಳೆ ಬರ್ತಿತ್ತು" ಅನ್ನುವುದೂ ನಿಜ. "ಔಷಧಿ ಹೊಡೆದಿದ್ದರೆ ಅಡಿಕೆ ಮರದಲ್ಲಿ ಹಲಸಿನಕಾಯಿ ಬಿಡ್ತಿತ್ತು", ಅದೂ ನಿಜ! ಎಲ್ಲವೂ ನಿಜ ಅಂತ ಹೇಳುವ ಲೆಕ್ಕಾಚಾರದಿಂದ ನಮಗೆ ಪ್ರಯೋಜನ ಇಲ್ಲ.

ಇದೇನು ಹೊಸ ತಕರಾರಲ್ಲ. ಈ ವ್ಯಾಖ್ಯೆ ಕೊಟ್ಟದ್ದು ಗ್ರೀಸಿನ ಮೆಗಾರ ಪಂಥದ ಫೀಲೋ, ಕ್ರಿ.ಪೂ. 300ರ ಆಸುಪಾಸಿನವನು. ಅವನ ಗುರು ಡಿಯೊಡೋರಸನಿಗೇ ಅದು ಹಿಡಿಸಲಿಲ್ಲ. ಆಗ ಈ ವಾದ ಎಷ್ಟು ಜೋರಾಗಿತ್ತು ಅಂದರೆ, ಯಾವ ಷರತ್ತಿನ ವಾಕ್ಯ ನಿಜ ಅಂತ ಮಾಡಿನ ಮೇಲಿನ ಕಾಗೆಗಳೂ ಕೂಗಾಡುತ್ತಿವೆ ಅಂತ ಕವಿ ಕ್ಯಾಲಿಮ್ಯಾಕಸ್ ಗೇಲಿ ಮಾಡಿದ್ದ.

ಕನ್ನಡದ ಕ್ರಿಯಾಪದಕ್ಕೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. "ಹೊಡೆದರೆ ಬರುವುದಿಲ್ಲ" ಅಂದಾಗ ಬಾಗಿಲು ಇನ್ನೂ ತೆರೆದಿದೆ. "ಹೊಡೆದಿದ್ದರೆ ಬರುತ್ತಿರಲಿಲ್ಲ" ಅಂದಾಗ ಹೊಡೆದಿಲ್ಲ ಅಂತ ಕೇಳಿದವರಿಗೆ ಅರ್ಥ ಆಗಿಬಿಡುತ್ತದೆ. ಇವೆರಡೂ ಬೇರೆ ಬೇರೆ ಜಾತಿಯ ವಾಕ್ಯಗಳು ಅಂತ ತೋರಿಸಲು ಅರ್ನೆಸ್ಟ್ ಆಡಮ್ಸ್ 1970ರಲ್ಲಿ ಕೊಟ್ಟ ಉದಾಹರಣೆ ಪ್ರಸಿದ್ಧ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಗುಂಡೇಟಿಗೆ ಸತ್ತದ್ದು ಖಾತ್ರಿ, ಕೊಂದ ಆರೋಪ ಬಂದದ್ದು ಆಸ್ವಾಲ್ಡ್ ಮೇಲೆ. ಹಾಗಾಗಿ "ಆಸ್ವಾಲ್ಡ್ ಕೊಲ್ಲಲಿಲ್ಲ ಅಂತಾದರೆ ಇನ್ಯಾರೋ ಕೊಂದಿದ್ದಾರೆ" ಅನ್ನುವುದನ್ನು ಯಾರೂ ಒಪ್ಪುತ್ತಾರೆ. "ಆಸ್ವಾಲ್ಡ್ ಕೊಲ್ಲದೇ ಇದ್ದಿದ್ದರೆ ಇನ್ಯಾರೋ ಕೊಲ್ಲುತ್ತಿದ್ದರು" ಅನ್ನಬೇಕಾದರೆ ಮಾತ್ರ ದೊಡ್ಡ ಪಿತೂರಿಯನ್ನೇ ನಂಬಬೇಕು. ಪದಗಳು ಹೆಚ್ಚುಕಡಿಮೆ ಅವೇ, ಹೊರುವ ಭಾರ ಬೇರೆ.

ಆದರೂ ಕ್ರಿಯಾಪದದ ರೂಪ ನೋಡಿ "ಇದು ನಡೆದಿಲ್ಲ" ಅಂತ ಪೂರ್ತಿ ನಂಬುವ ಹಾಗಿಲ್ಲ. ಸೊರಬದ ಕಡೆಯ ಒಬ್ಬ ಡಾಕ್ಟರು ಜ್ವರದ ರೋಗಿಯನ್ನು ನೋಡಿ "ಮಂಗನ ಕಾಯಿಲೆ ಆಗಿದ್ದಿದ್ದರೆ ಇವರಲ್ಲಿ ಕಾಣ್ತಿದ್ದದ್ದು ಇದೇ ಲಕ್ಷಣಗಳೇ" ಅಂದರು ಅನ್ನಿ. ಅವರು ಆ ಕಾಯಿಲೆ ಇಲ್ಲ ಅನ್ನುತ್ತಿದ್ದಾರಾ? ಇಲ್ಲ, ಇರಬಹುದು ಅಂತಲೇ ಅನುಮಾನ ಪಡುತ್ತಿದ್ದಾರೆ. ಇಂಥದೇ ಒಂದು ಉದಾಹರಣೆಯನ್ನು, ವಿಷ ತಿಂದ ರೋಗಿಯನ್ನು ಇಟ್ಟುಕೊಂಡು, ಆಲನ್ ರಾಸ್ ಆಂಡರ್ಸನ್ 1951ರಲ್ಲೇ ಕೊಟ್ಟಿದ್ದರು.

ಸರಿ, ಈಗ ಕಷ್ಟದ ಭಾಗ. 1947ರಲ್ಲಿ ಅಮೆರಿಕದ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ ಈ ಸಮಸ್ಯೆಯನ್ನು ಬಿಡಿಸಿ ಬಿಡಿಸಿ ತೋರಿಸಿದರು. ಅವರ ಉದಾಹರಣೆ ಬೆಂಕಿಕಡ್ಡಿ: "ಆ ಕಡ್ಡಿ ಗೀರಿದ್ದರೆ ಹತ್ತಿಕೊಳ್ಳುತ್ತಿತ್ತು." ಗೀರುವುದೊಂದರಿಂದಲೇ ಕಡ್ಡಿ ಹತ್ತುವುದಿಲ್ಲ. ಕಡ್ಡಿ ಒಣಗಿರಬೇಕು, ಸುತ್ತ ಆಮ್ಲಜನಕ ಇರಬೇಕು, ಹೀಗೆ ಪಟ್ಟಿ ಬೆಳೆಯುತ್ತದೆ. ಇವನ್ನೆಲ್ಲ ಹಾಗೇ ಇಟ್ಟುಕೊಂಡು ಗೀರಿದರೆ ಹತ್ತುತ್ತದೆ, ಒಪ್ಪೋಣ. ಆದರೆ ಕಡ್ಡಿ ಹತ್ತಲಿಲ್ಲ ಅನ್ನುವುದೂ ಒಂದು ಸತ್ಯವೇ ಅಲ್ವಾ? ಅದನ್ನು ಯಾಕೆ ಹಾಗೇ ಇಟ್ಟುಕೊಳ್ಳಬಾರದು? ಇಟ್ಟುಕೊಂಡರೆ ಫಲ ಉಲ್ಟಾ: "ಕಡ್ಡಿ ಗೀರಿದ್ದರೆ, ಹತ್ತದೇ ಇದ್ದದ್ದರಿಂದ, ಅದು ಒದ್ದೆ ಆಗಿರುತ್ತಿತ್ತು."

ನಮ್ಮ ತೋಟದ ವಾದದಲ್ಲೂ ಇದೇ ಚೇಷ್ಟೆ ಮಾಡಬಹುದು. ಕೊಳೆ ಬಂದದ್ದನ್ನು ಗಟ್ಟಿ ಹಿಡಿದುಕೊಂಡು, "ಹೊಡೆದಿದ್ದರೆ ಮಳೆಗೆ ತೊಳೆದು ಹೋಗಿರ್ತಿತ್ತು" ಅನ್ನಬಹುದು. ಇದು ಮೋಸ ಅಂತ ಎಲ್ಲರಿಗೂ ಅನ್ನಿಸುತ್ತದೆ. ಯಾಕೆ ಮೋಸ ಅಂತ ಹೇಳಲಿಕ್ಕೆ ಹೋದರೆ ನಾಲಿಗೆ ತೊಡರುತ್ತದೆ. ಗುಡ್‌ಮನ್ ಪ್ರಕಾರ, ಔಷಧಿ ಹೊಡೆದಿದ್ದರೂ ನಿಜವಾಗಿಯೇ ಉಳಿಯುತ್ತಿದ್ದ ಸಂಗತಿಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಆದರೆ "ಹೊಡೆದಿದ್ದರೂ ಉಳಿಯುತ್ತಿದ್ದ" ಅನ್ನುವುದೇ ಇನ್ನೊಂದು ಕೌಂಟರ್‌ಫ್ಯಾಕ್ಚುವಲ್! ಒಂದನ್ನು ಬಿಡಿಸಲು ಇನ್ನೊಂದು ಬೇಕು, ಅದಕ್ಕೆ ಮತ್ತೊಂದು. ಹೊರಟಲ್ಲಿಗೇ ಬಂದು ನಿಲ್ಲುತ್ತೇವೆ. ಈ ಸುತ್ತು ತಪ್ಪಿಸಲು ತನಗೆ ದಾರಿ ಕಾಣುತ್ತಿಲ್ಲ ಅಂತ ಗುಡ್‌ಮನ್ ಮುಚ್ಚುಮರೆ ಇಲ್ಲದೆ ಬರೆದರು.

ಅವರು ಎತ್ತಿದ ಇನ್ನೊಂದು ಪ್ರಶ್ನೆ ನಿಯಮದ್ದು. ಅದನ್ನು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ನಿಂತು ಕೇಳುವುದೇ ಸುಲಭ. "ಈ ಚೀಲದಲ್ಲಿರುವುದೆಲ್ಲ ಸರಕು" (ಮೇಲ್ದರ್ಜೆಯ ಅಡಿಕೆ) ಅನ್ನುವುದು ನಿಜ ಇರಬಹುದು. ಹಾಗಂತ ಕೆಳಗೆ ಬಿದ್ದಿರುವ ಈ ಗೊರಬಲನ್ನು (ಕೆಳದರ್ಜೆಯ ಅಡಿಕೆ) ಆ ಚೀಲಕ್ಕೆ ಹಾಕಿದ್ದರೆ ಅದೂ ಸರಕು ಆಗಿಬಿಡುತ್ತಿತ್ತಾ? ಆ ರೇಟು ಯಾರೂ ಕೊಡುವುದಿಲ್ಲ. ಆದರೆ "ಮೈಲುತುತ್ತ (ತಾಮ್ರದ ಸಲ್ಫೇಟ್) ನೀರಿನಲ್ಲಿ ಕರಗುತ್ತದೆ" ಅನ್ನುವ ಮಾತು ಬೇರೆ ಥರದ್ದು. ನೀರು ಮುಟ್ಟದ ಈ ತುಂಡನ್ನು ನೀರಿಗೆ ಹಾಕಿದ್ದರೆ ಕರಗುತ್ತಿತ್ತು ಅಂತ ಧೈರ್ಯವಾಗಿ ಹೇಳಬಹುದು. ಸುಮ್ನೆ ಹಾಗೆ ಬಂದು ಕೂಡಿದ ಸತ್ಯ ಒಂದು, ನಿಯಮ ಇನ್ನೊಂದು. ನಡೆಯದ ಸಂಗತಿಗೂ ಹಚ್ಚಿ ನೋಡಿದರೆ ಇವು ಬೇರೆ ಬೇರೆ ಅಂತ ತಿಳಿಯುತ್ತದೆ. ಕೊಳೆ ಔಷಧಿಯ ಮಾತಿಗೆ ತೂಕ ಇರುವುದೂ ಇದರಿಂದಲೇ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಕೊಳೆಯನ್ನು ತಡೆಯುತ್ತದೆ ಅನ್ನುವುದು ಯಾವುದೋ ಒಂದು ತೋಟದಲ್ಲಿ ಆಕಸ್ಮಿಕವಾಗಿ ಕಂಡದ್ದಲ್ಲ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಲೆಸ್ಲಿ ಕೋಲ್ಮನ್ 1910ರಲ್ಲೇ ಕೊಳೆರೋಗದ ಬಗ್ಗೆ ಬರೆದಿದ್ದರು. ಅಲ್ಲಿಂದೀಚೆಗೆ ಎಷ್ಟೋ ತೋಟಗಳಲ್ಲಿ ಕಂಡು, ಕೆಲಸದ ರೀತಿಯೂ ತಿಳಿದ ವಿಷಯ ಅದು.

ಗುಡ್‌ಮನ್ ಸಿಕ್ಕಿಕೊಂಡ ಸುತ್ತಿನಿಂದ ಹೊರಬರುವ ದಾರಿ ತೋರಿಸಿದವರು ಇಬ್ಬರು ತತ್ವಜ್ಞಾನಿಗಳು. ರಾಬರ್ಟ್ ಸ್ಟಾಲ್ನೇಕರ್ 1968ರಲ್ಲಿ, ಡೇವಿಡ್ ಲೂಯಿಸ್ 1973ರಲ್ಲಿ. ಸಂಗತಿಗಳ ಪಟ್ಟಿ ಮಾಡುವ ಬದಲು ಇಡೀ ಜಗತ್ತುಗಳನ್ನೇ ಯೋಚಿಸಿ ಅಂದರು. ಈಗಿರುವ ಜಗತ್ತು ಒಂದು. ಜೊತೆಗೆ, ಹೀಗೂ ಇರಬಹುದಾಗಿದ್ದ ಜಗತ್ತುಗಳು ಬೇಕಾದಷ್ಟು. ಕೆಲವು ನಮ್ಮದಕ್ಕೆ ತೀರಾ ಹತ್ತಿರ: ಎಲ್ಲಾ ಹೀಗೇ ಇದ್ದು, ಜೂನ್ ಮೊದಲ ವಾರ ಔಷಧಿ ಹೊಡೆದಾಗಿದೆ, ಅಷ್ಟೇ. ಕೆಲವು ಬಹಳ ದೂರ: ಅಲ್ಲಿ ಔಷಧಿ ಹೊಡೆದಾಗಿದೆ, ಜೊತೆಗೆ ಸಹ್ಯಾದ್ರಿಯೇ ಇಲ್ಲ. ಈಗ ನಿಯಮ ಹೀಗೆ: ಅ ನಿಜವಾಗಿರುವ ಜಗತ್ತುಗಳ ಪೈಕಿ ನಮಗೆ ಅತಿ ಹತ್ತಿರದವನ್ನು ಹುಡುಕಿ. ಅಲ್ಲಿ ಬ ಕೂಡ ನಿಜವಾಗಿದ್ದರೆ, "ಅ ಆಗಿದ್ದರೆ ಬ ಆಗುತ್ತಿತ್ತು" ನಿಜ. ಇಲ್ಲದಿದ್ದರೆ ಸುಳ್ಳು.

(ಲೂಯಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ ಜಗತ್ತುಗಳೆಲ್ಲ ನಮ್ಮದರಷ್ಟೇ ನಿಜವಾಗಿ ಇವೆ ಅಂತ ವಾದಿಸಿದರು. ಅದನ್ನು ನಂಬುವ ಅಗತ್ಯ ಇಲ್ಲ. ಹೆಚ್ಚಿನವರು ನಂಬಿಲ್ಲ, ಲೆಕ್ಕಕ್ಕೆ ಏನೂ ಅಡ್ಡಿ ಆಗಿಲ್ಲ.)

ಈ ನೋಟ ಬಂದ ಮೇಲೆ ಎಷ್ಟೋ ಒಗಟುಗಳು ತಾವಾಗಿ ಬಿಚ್ಚಿಕೊಂಡವು. ಸಾಮಾನ್ಯ ತರ್ಕದಲ್ಲಿ "ಅ ಆದರೆ ಬ" ನಿಜವಾದರೆ, "ಅ ಮತ್ತು ಕ ಆದರೆ ಬ" ಕೂಡ ನಿಜ. ಇಲ್ಲಿ ಹಾಗಿಲ್ಲ. ನೋಡಿ:

"ಔಷಧಿ ಹೊಡೆದಿದ್ದರೆ ಕೊಳೆ ಬರ್ತಿರಲಿಲ್ಲ." ಒಪ್ಪಿದೆವು ಅನ್ನಿ. "ಔಷಧಿ ಹೊಡೆದು, ಅದು ಒಣಗುವ ಮೊದಲೇ ಮಳೆ ಹುಯ್ದಿದ್ದರೆ, ಕೊಳೆ ಬರ್ತಿತ್ತು." ಅದೂ ಸರಿ. "ಹೊಡೆದು, ಒಣಗುವ ಮೊದಲೇ ಮಳೆ ಹುಯ್ದು, ಮಳೆ ಬಿಟ್ಟ ಮೇಲೆ ಇನ್ನೊಂದು ಸಲ ಹೊಡೆದಿದ್ದರೆ, ಬರ್ತಿರಲಿಲ್ಲ." ಇದೂ ಸರಿಯೇ.

ಮೂರೂ ಒಟ್ಟಿಗೆ ನಿಜ ಆಗಬಹುದು. ಯಾಕೆಂದರೆ ಪ್ರತಿ ಸಲ ಹೊಸ ಷರತ್ತು ಸೇರಿದಾಗ ನಾವು ಇನ್ನೊಂದಿಷ್ಟು ದೂರದ ಜಗತ್ತಿಗೆ ಹೋಗುತ್ತಿದ್ದೇವೆ. ಒಂದು ತಮಾಷೆ: ಇವನ್ನು ಹಿಂದುಮುಂದಾಗಿ ಹೇಳಿ ನೋಡಿ. ಮಳೆಯಲ್ಲಿ ತೊಳೆದು ಹೋಗುವ ಮಾತನ್ನು ಮೊದಲೇ ಎತ್ತಿಬಿಟ್ಟರೆ, ಆಮೇಲೆ "ಹೊಡೆದಿದ್ದರೆ ಬರ್ತಿರಲಿಲ್ಲ" ಅಂತ ಅಷ್ಟೇ ಧೈರ್ಯದಲ್ಲಿ ಹೇಳಲು ಆಗುವುದಿಲ್ಲ. ವಾದದಲ್ಲಿ ಮೊದಲು ಬಾಯಿ ತೆರೆದವರಿಗೆ ಲಾಭ ಸಿಗುವುದು ಹೀಗೂ ಇರಬಹುದು.

ಸರಪಳಿ ಕಟ್ಟುವುದೂ ಇಲ್ಲಿ ಅಪಾಯ. "ನಾನು ಇವತ್ತು ರಜೆ ಹಾಕಿದ್ದರೆ ತೋಟಕ್ಕೆ ಹೋಗ್ತಿದ್ದೆ." ನಿಜ. "ಇವತ್ತು ನನ್ನ ಕಾಲು ಮುರಿದಿದ್ದರೆ ರಜೆ ಹಾಕ್ತಿದ್ದೆ." ಅದೂ ನಿಜ. ಎರಡನ್ನೂ ಗಂಟು ಹಾಕಿ: "ಕಾಲು ಮುರಿದಿದ್ದರೆ ತೋಟಕ್ಕೆ ಹೋಗ್ತಿದ್ದೆ." ಅಲ್ಲ! ಹತ್ತಿರದ ರಜೆಯ ಜಗತ್ತಿನಲ್ಲಿ ನನ್ನ ಕಾಲು ನೆಟ್ಟಗಿತ್ತು. "ಅ ಆದರೆ ಬ" ಅನ್ನುವುದನ್ನು "ಬ ಇಲ್ಲದಿದ್ದರೆ ಅ ಇಲ್ಲ" ಅಂತ ತಿರುಗಿಸಿ ಹೇಳುವ ನಿಯಮಕ್ಕೂ ಇದೇ ಗತಿ. "ಔಷಧಿ ಹೊಡೆದಿದ್ದರೂ ಕೊಳೆ ಬರ್ತಿತ್ತು" ಅನ್ನುವುದನ್ನು ತಿರುಗಿಸಿದರೆ "ಕೊಳೆ ಬರದೇ ಇದ್ದಿದ್ದರೆ ಔಷಧಿ ಹೊಡೆದಿರ್ತಿರಲಿಲ್ಲ" ಅಂತಾಗುತ್ತದೆ, ಅದಕ್ಕೆ ತಲೆಬುಡ ಇಲ್ಲ.

ಇಷ್ಟು ಹೇಳಿದ ಮೇಲೆ ನೀವು ಕೇಳಬೇಕಾದ ಪ್ರಶ್ನೆ: "ಹತ್ತಿರ" ಅಂದರೇನು, ಅದನ್ನು ಅಳೆಯುವವರು ಯಾರು? ಇಲ್ಲಿ ನಿಧಾನ ಮಾಡಬೇಕು, ಜಗಳ ಎಲ್ಲಾ ಇರುವುದು ಇಲ್ಲೇ.

ಜೋಗ ನೋಡಲು ಬೇಸಿಗೆಯಲ್ಲಿ ಬಂದವರು ಒಣ ಬಂಡೆ ನೋಡಿ ಹೇಳುವ ಮಾತು: "ಲಿಂಗನಮಕ್ಕಿ ಡ್ಯಾಮ್ ಕಟ್ಟದೇ ಇದ್ದಿದ್ದರೆ ಜೋಗ ಏಪ್ರಿಲ್‌ನಲ್ಲೂ ಧುಮ್ಮಿಕ್ತಿತ್ತು." ಲಿಂಗನಮಕ್ಕಿ ಪೂರ್ತಿಯಾದದ್ದು 1964ರಲ್ಲಿ. ಅದನ್ನು ತೆಗೆದುಹಾಕಿ ಅತಿ ಹತ್ತಿರದ ಜಗತ್ತಿಗೆ ಹೋಗೋಣ. ಅಲ್ಲಿ ಸಿಗುವುದು ಕಟ್ಟಿಲ್ಲದ ಶರಾವತಿಯಾ? ಅಲ್ಲ. ಲಿಂಗನಮಕ್ಕಿಗೂ ಮೊದಲೇ ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಇತ್ತು, ಅದರ ನೀರಿನಿಂದ ಜೋಗದ ಕೆಳಗಿನ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರಿಂದಲೇ ಕರೆಂಟು ತಯಾರಿಸುತ್ತಿತ್ತು. ಆ ಹಳೆಯ ಅಣೆಕಟ್ಟು ಈಗ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದೆ, ನೀರು ತೀರಾ ಇಳಿದ ವರ್ಷ ತಲೆ ಎತ್ತುತ್ತದೆ. ಲಿಂಗನಮಕ್ಕಿ ಇಲ್ಲದ ಹತ್ತಿರದ ಜಗತ್ತಿನಲ್ಲಿ ಹಿರೇಭಾಸ್ಕರ ಮುಳುಗದೆ ನಿಂತಿರುತ್ತದೆ, ನದಿಗೆ ಲಗಾಮು ಆಗಲೂ ಇರುತ್ತದೆ. ಅದಲ್ಲದೆ ಶರಾವತಿ ಮಳೆಗಾಲದ ಮಳೆಯನ್ನು ನಂಬಿದ ನದಿ, ಯಾವ ಅಣೆಕಟ್ಟೂ ಇಲ್ಲದಿದ್ದರೂ ಬೇಸಿಗೆಯಲ್ಲಿ ಸೊರಗುವುದು ಸಹಜ. ಆ ಪ್ರವಾಸಿಗರ ಮನಸ್ಸಿನಲ್ಲಿರುವುದು "ಯಾವ ಅಣೆಕಟ್ಟೂ ಇಲ್ಲದೆ, ಬೇಸಿಗೆಯಲ್ಲೂ ಆಗುಂಬೆಯ ಮಳೆ ಹುಯ್ಯುವ" ಜಗತ್ತು. ಅದು ಬಹಳ ದೂರದ್ದು. ಬಾಯಲ್ಲಿ ಹೇಳಿದ್ದು ಒಂದೇ ಬದಲಾವಣೆ, ಮನಸ್ಸಿನಲ್ಲಿ ಮಾಡಿಕೊಂಡದ್ದು ಮೂರು.

ಕೆಲವೊಮ್ಮೆ ಯಾವುದು ಹತ್ತಿರ ಅನ್ನುವುದಕ್ಕೆ ಒಂದೇ ಉತ್ತರ ಇರುವುದೂ ಇಲ್ಲ. ಕ್ವೈನ್ ಎಂಬ ತತ್ವಜ್ಞಾನಿ ತಂದ ಉದಾಹರಣೆ ಕೇಳಿ. ಪ್ರಾಚೀನ ರೋಮಿನ ಸೀಸರ್ 20ನೇ ಶತಮಾನದ ಕೊರಿಯಾ ಯುದ್ಧದ ಸೇನಾಪತಿ ಆಗಿದ್ದಿದ್ದರೆ? ಅಣುಬಾಂಬ್ ಹಾಕುತ್ತಿದ್ದ ಅಂತ ಒಬ್ಬರು, ಕಲ್ಲೆಸೆಯುವ ಯಂತ್ರ ತರುತ್ತಿದ್ದ ಅಂತ ಇನ್ನೊಬ್ಬರು. ಒಬ್ಬರು ಆ ಕಾಲದ ಆಯುಧವನ್ನು ಹಾಗೇ ಇಟ್ಟರು, ಮತ್ತೊಬ್ಬರು ಸೀಸರನ ತಿಳಿವಳಿಕೆಯನ್ನು ಇಟ್ಟರು. ಯಾವುದನ್ನು ಇಡಬೇಕು ಅಂತ ಆ ವಾಕ್ಯವೇ ಹೇಳುವುದಿಲ್ಲ, ಮಾತಿನ ಸಂದರ್ಭ ಹೇಳಬೇಕು.

ಹಾಗಾದರೆ ಹೆಚ್ಚು ಹೋಲಿಕೆ ಇರುವುದೇ ಹತ್ತಿರದ್ದು ಅನ್ನೋಣವೇ? ಅದಕ್ಕೂ ಕಿಟ್ ಫೈನ್ 1975ರಲ್ಲಿ ಪೆಟ್ಟು ಕೊಟ್ಟರು. "ಅಮೆರಿಕದ ಅಧ್ಯಕ್ಷ ನಿಕ್ಸನ್ ಅಣುಬಾಂಬಿನ ಗುಂಡಿ ಒತ್ತಿದ್ದರೆ ಅಣುಯುದ್ಧ ಆಗುತ್ತಿತ್ತು" ಅನ್ನುವುದು ನಿಜ ಅಂತ ತೋರುತ್ತದೆ. ಆದರೆ ಗುಂಡಿ ಒತ್ತಿದ ಕೂಡಲೇ ತಂತಿ ಕೆಟ್ಟು ಏನೂ ಆಗದ ಜಗತ್ತು, ಯುದ್ಧದಲ್ಲಿ ಸುಟ್ಟುಹೋದ ಜಗತ್ತಿಗಿಂತ ನಮ್ಮದನ್ನು ಹೆಚ್ಚು ಹೋಲುತ್ತದಲ್ಲ? ಹಾಗಾದರೆ ಆ ವಾಕ್ಯ ಸುಳ್ಳಾಗಬೇಕು. ಲೂಯಿಸ್ 1979ರಲ್ಲಿ ಉತ್ತರ ಕೊಟ್ಟರು. ಹೋಲಿಕೆ ಅಂದರೆ ಮೇಲುನೋಟದ ಹೋಲಿಕೆ ಅಲ್ಲ, ಅದಕ್ಕೊಂದು ಕ್ರಮ ಇದೆ. ಪ್ರಕೃತಿಯ ನಿಯಮಗಳು ದೊಡ್ಡ ಪ್ರಮಾಣದಲ್ಲಿ ಮುರಿಯಬಾರದು. ಆ ಕ್ಷಣದ ತನಕದ ಇತಿಹಾಸ ಆದಷ್ಟೂ ಹಾಗೇ ಉಳಿಯಬೇಕು. ಬದಲಾವಣೆ ನುಸುಳಲು ಒಂದು ಚಿಕ್ಕ ಪವಾಡ ಸಾಕು. ಆಮೇಲೆ ಆಗುವುದು ನಮ್ಮ ಜಗತ್ತನ್ನು ಹೋಲುತ್ತದೋ ಇಲ್ಲವೋ ಅನ್ನುವುದಕ್ಕೆ ಬೆಲೆ ಬಹಳ ಕಡಿಮೆ.

ಮನೆಮಾತಿನಲ್ಲಿ ಹೇಳಿದರೆ ಹೀಗೆ: ಹಿಂದಿನದ್ದನ್ನು ಮುಟ್ಟಬೇಡಿ, ಒಂದು ಕಡೆ ಸ್ವಲ್ಪ ಬದಲಾಯಿಸಿ, ಅಲ್ಲಿಂದ ಮುಂದೆ ಜಗತ್ತನ್ನು ಅದರ ಪಾಡಿಗೆ ಓಡಲು ಬಿಡಿ. "ಔಷಧಿ ಹೊಡೆದಿದ್ದರೆ" ಅಂದಾಗ ನಾವು ಮಾಡುವುದು ಇದನ್ನೇ. ಯಾರಾದರೂ "ಹೊಡೆದಿದ್ದರೆ ಅಂದ್ರೆ ಮರ ಹತ್ತಿ ಹೊಡೆಯೋ ಕೊನೆಗೌಡ ಸಿಕ್ಕಿರಬೇಕಿತ್ತು, ಅವನು ಸಿಗಬೇಕಾದರೆ ಮಳೆ ತಡ ಆಗಿರಬೇಕಿತ್ತು, ಮಳೆಯೇ ತಡ ಆಗಿದ್ದರೆ ಎಲ್ಲಾ ಬೇರೆ ಆಗಿರ್ತಿತ್ತು" ಅಂತ ಹಿಂದಕ್ಕೆ ಹಿಂದಕ್ಕೆ ಎಳೆಯಲು ಶುರು ಮಾಡಿದರೆ, ಅವರನ್ನು ತಡೆಯುವ ಹಕ್ಕು ನಿಮಗಿದೆ.

ಲೂಯಿಸ್, ಸ್ಟಾಲ್ನೇಕರ್ ನಡುವೆಯೂ ಒಂದು ಜಗಳ ಇತ್ತು. ಕ್ರಿಕೆಟ್ ಟಾಸ್‌ಗೆ ನಾಣ್ಯ ಚಿಮ್ಮಿಸಲೇ ಇಲ್ಲ ಅನ್ನಿ. "ಚಿಮ್ಮಿಸಿದ್ದರೆ ಹೆಡ್ ಬೀಳ್ತಿತ್ತು" ನಿಜವೇ? ಹೆಡ್ ಬೀಳುವ ಜಗತ್ತು, ಟೇಲ್ ಬೀಳುವ ಜಗತ್ತು ಎರಡೂ ಸಮ ಹತ್ತಿರ. ಲೂಯಿಸ್ ಪ್ರಕಾರ "ಹೆಡ್ ಬೀಳ್ತಿತ್ತು", "ಟೇಲ್ ಬೀಳ್ತಿತ್ತು" ಎರಡೂ ಸುಳ್ಳು. ಸ್ಟಾಲ್ನೇಕರ್ ಪ್ರಕಾರ ಎರಡೂ ನಿಜವೂ ಅಲ್ಲ, ಸುಳ್ಳೂ ಅಲ್ಲ, ಆದರೆ "ಇದು, ಇಲ್ಲದಿದ್ದರೆ ಅದು" ಅಂತ ಎರಡನ್ನೂ ಸೇರಿಸಿ ಹೇಳಿದ ಮಾತು ನಿಜ. ನನಗೆ ಸ್ಟಾಲ್ನೇಕರ್ ಮಾತೇ ಜನ ಮಾತಾಡುವ ರೀತಿಗೆ ಹತ್ತಿರ ಅನ್ನಿಸುತ್ತದೆ.

ಇದೆಲ್ಲ ಯಾಕೆ ಬೇಕು ಅಂದರೆ, ಕಾರಣ ಅನ್ನುವ ಮಾತು ಇದರ ಮೇಲೆ ನಿಂತಿದೆ. ಮೊದಲನೆಯದು ಇಲ್ಲದೇ ಇದ್ದಿದ್ದರೆ ಎರಡನೆಯದು ಇರುತ್ತಲೇ ಇರಲಿಲ್ಲ, ಅದೇ ಕಾರಣ ಅನ್ನುವ ಅರ್ಥದ ಸಾಲನ್ನು ಡೇವಿಡ್ ಹ್ಯೂಮ್ 1748ರಲ್ಲೇ ಬರೆದಿದ್ದ. ಲೂಯಿಸ್ 1973ರಲ್ಲಿ ಅದನ್ನು ಒಂದು ಸಿದ್ಧಾಂತವಾಗಿ ಬೆಳೆಸಿದರು. ಪರಿಹಾರದ ದಾವೆಯಲ್ಲಿ ಕೋರ್ಟು ಕೇಳುವುದೂ ಇದನ್ನೇ: ಈ ತಪ್ಪು ನಡೆಯದೇ ಇದ್ದಿದ್ದರೆ ಈ ನಷ್ಟ ಆಗುತ್ತಿತ್ತಾ? ಆದರೆ ಇಲ್ಲೂ ಒಂದು ತೊಡಕು. ಒಂದು ಮಂಗ ಸೀಯಾಳ ಕಿತ್ತು ಎಸೆಯಿತು. ಅದು ಕೀಳದೇ ಇದ್ದಿದ್ದರೆ ಹಿಂದೆಯೇ ಕೂತಿದ್ದ ಇನ್ನೊಂದು ಮಂಗ ಕೀಳುತ್ತಿತ್ತು. ಹಾಗಾದರೆ ಮೊದಲ ಮಂಗ ಕಾರಣವೇ ಅಲ್ಲವಾ? ಲೆಕ್ಕದ ಪ್ರಕಾರ ಅದು ಕಾರಣ ಅಲ್ಲ, ಸೀಯಾಳ ಕಳೆದುಕೊಂಡವರ ಪ್ರಕಾರ ಅದೇ ಕಾರಣ. ಈ ಮಂಗಗಳನ್ನು ಸಿದ್ಧಾಂತದೊಳಗೆ ಕೂರಿಸಲು ತತ್ವಜ್ಞಾನಿಗಳು ಇವತ್ತಿಗೂ ಒದ್ದಾಡುತ್ತಿದ್ದಾರೆ.

ಕಂಪ್ಯೂಟರ್ ವಿಜ್ಞಾನಿ ಜೂಡಿಯಾ ಪರ್ಲ್, 2011ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು, ಜಗತ್ತುಗಳ ಗೊಡವೆ ಬಿಟ್ಟು ಚಿತ್ರ ಬರೆದರು. ಯಾವುದರಿಂದ ಯಾವುದು ಅಂತ ಬಾಣದ ಗುರುತು ಹಾಕಿ. ಮಳೆಯಿಂದ ಕೊಳೆಗೆ ಒಂದು ಬಾಣ, ಔಷಧಿಯಿಂದ ಕೊಳೆಗೆ ಒಂದು, ಆಳು ಸಿಗುವುದರಿಂದ ಔಷಧಿಗೆ ಒಂದು. ಈಗ ಮೂರು ಹೆಜ್ಜೆ. ನಿಜವಾಗಿ ಕಂಡದ್ದನ್ನು ಹಿಡಿದು ಈ ವರ್ಷ ಮಳೆ ಎಷ್ಟಿತ್ತು, ತೋಟದ ಬಸಿಗಾಲುವೆ ಹೇಗಿತ್ತು ಅಂತ ಅಂದಾಜು ಮಾಡಿ. ಔಷಧಿಗೆ ಬರುವ ಬಾಣವನ್ನು ಕತ್ತರಿಸಿ, ಕೈಯಾರೆ "ಹೊಡೆದಿದೆ" ಅಂತ ಬರೆಯಿರಿ. ಆಮೇಲೆ ಉಳಿದ ಬಾಣಗಳ ದಾರಿಯಲ್ಲೇ ಹೋಗಿ ಕೊಳೆಯ ಲೆಕ್ಕ ಹಾಕಿ. ಬಾಣ ಕತ್ತರಿಸುವುದು ಲೂಯಿಸರ ಚಿಕ್ಕ ಪವಾಡವೇ, ಕಂಪ್ಯೂಟರಿಗೆ ತಿಳಿಯುವ ವೇಷದಲ್ಲಿ. ಇಂಥ ಮದ್ದು ಕೊಡದೇ ಇದ್ದಿದ್ದರೆ ಈ ರೋಗಿ ಬದುಕುತ್ತಿದ್ದರಾ ಅನ್ನುವಂಥ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಹುಡುಕುವವರು ಈಗ ಈ ದಾರಿಯನ್ನೂ ಹಿಡಿಯುತ್ತಾರೆ. ಬಾಣಗಳನ್ನೇ ತಪ್ಪಾಗಿ ಬರೆದಿದ್ದರೆ ಉತ್ತರವೂ ತಪ್ಪು, ಅದನ್ನು ಪರ್ಲ್ ಎಲ್ಲೂ ಮುಚ್ಚಿಟ್ಟಿಲ್ಲ.

ಕೊನೆಗೆ ಒಂದು ಮೂಲೆ ಉಳಿಯಿತು. "2ಕ್ಕೆ 2 ಸೇರಿಸಿದರೆ 5 ಆಗುವ ಹಾಗಿದ್ದಿದ್ದರೆ" ಅಂತ ಶುರು ಮಾಡಿದರೆ? ಅಂಥ ಜಗತ್ತು ಹತ್ತಿರವೂ ಇಲ್ಲ, ದೂರವೂ ಇಲ್ಲ. ಲೂಯಿಸ್ ಪ್ರಕಾರ ಅದರ ಮುಂದೆ ಏನು ಹೇಳಿದರೂ ನಿಜ, ಅಂದರೆ ಫೀಲೋನ ವ್ಯಾಖ್ಯೆಯೂ ಆ ಕಾಗೆಗಳೂ ಇಲ್ಲಿ ಮತ್ತೆ ಬಂದು ಕೂರುತ್ತವೆ. ಇದನ್ನು ಒಪ್ಪದವರು ಅಸಾಧ್ಯ ಜಗತ್ತುಗಳನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳೋಣ ಅನ್ನುತ್ತಾರೆ. ಗಣಿತದವರು ಈ ಜಗಳಕ್ಕೆ ಕಾಯದೆ, "2ರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಆಗಿದ್ದಿದ್ದರೆ" ಅಂತ ಆಗದ್ದನ್ನೇ ಹಿಡಿದು ಹೊರಟು, ವಿರೋಧ ಬಂದ ಕೂಡಲೇ ಪ್ರಮೇಯ ಮುಗಿಸಿ ಎದ್ದು ಹೋಗುತ್ತಾರೆ.